ಹಳೆಯ ಕಾರಿನ ವೈಪರ್ ದುರಸ್ತಿ: ಮೋಟಾರನ್ನು ದೂರುವ ಮೊದಲು

ವೈಪರ್ ನಿಂತೊಡನೆ ಮೋಟಾರ್ ಸುಟ್ಟಿದೆಯೆಂದು ತೀರ್ಮಾನಿಸುವುದು ಹೊಸದಾಗಿ ಕಲಿಯುವವರೆಲ್ಲ ಮಾಡುವ ತಪ್ಪು. ಮಲೆನಾಡಿನ ಹಳೆಯ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಬಾನೆಟ್ಟಿನ ಹಿಂಬದಿಯಲ್ಲಿ, ಮುಂದಿನ ಗಾಜಿನ ಬುಡಕ್ಕಿರುವ ಜಾಲರಿಯ ಕೆಳಭಾಗವನ್ನು. ಹಲಸಿನ ಮರದಡಿ ನಿಲ್ಲಿಸಿದ ಕಾರಾದರೆ ಉದುರಿದ ಎಲೆಗಳು ಅಲ್ಲಿ ಕೊಳೆತು ನೀರು ಹರಿದುಹೋಗುವ ತೂತನ್ನು ಮುಚ್ಚಿರುತ್ತವೆ. ಮಳೆಗಾಲವಿಡೀ ಆರದ ಆ ತೇವದಲ್ಲಿ ವೈಪರಿನ ತೋಳನ್ನು ತಿರುಗಿಸುವ ಸ್ಪಿಂಡಲ್ ತುಕ್ಕು ಹಿಡಿದು ಬಿಗಿಯಾಗುತ್ತದೆ. ಬಿಗಿಯಾದ ಸ್ಪಿಂಡಲನ್ನು ತಿರುಗಿಸಲು ಹೆಣಗುವ ಮೋಟಾರು ಹೆಚ್ಚು ಕರೆಂಟ್ ಎಳೆದುಕೊಳ್ಳುವುದರಿಂದ ಫ್ಯೂಸ್ ಹೋಗುತ್ತದೆ. ಹೋದ ಫ್ಯೂಸಿನ ಜಾಗಕ್ಕೆ ಹೆಚ್ಚು ಆಂಪಿಯರಿನದನ್ನು ಹಾಕಿದರೆ ಮುಂದಿನ ಸಲ ಸುಡುವುದು ವೈರು.

ಸ್ವಿಚ್ ಹಾಕಿ ಕಿವಿಗೊಡಬೇಕು. ಮೋಟಾರಿನ ಸದ್ದು ಬಂದರೂ ಎರಡೂ ತೋಳುಗಳು ಅಲುಗದಿದ್ದರೆ ಲಿಂಕೇಜಿನ (ಮೋಟಾರಿನ ಚಲನೆಯನ್ನು ತೋಳುಗಳಿಗೆ ಮುಟ್ಟಿಸುವ ಸರಳುಗಳ ಜೋಡಣೆ) ಕೀಲಿನಲ್ಲಿರುವ ಪ್ಲಾಸ್ಟಿಕ್ ಬುಷ್, ಅಂದರೆ ಒಳಬಳೆ, ಸವೆದು ಸರಳು ಕಳಚಿರುವ ಸಾಧ್ಯತೆಯೇ ಹೆಚ್ಚು. ಒಂದೇ ತೋಳು ನಿಂತಿದ್ದರೆ ಅದರ ನಟ್ಟು ಸಡಿಲವಾಗಿದೆಯೇ, ತೋಳಿನೊಳಗಿನ ಹಲ್ಲುಗಳು ಸವೆದಿವೆಯೇ ಎಂದು ನೋಡಬೇಕು. ಸದ್ದೇ ಇಲ್ಲವಾದರೆ ಫ್ಯೂಸ್, ಕನೆಕ್ಟರಿಗೆ ಬರುವ 12 ವೋಲ್ಟ್, ಅರ್ತ್ ವೈರು, ಈ ಕ್ರಮದಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು ಪರೀಕ್ಷಿಸಬೇಕು.

ಸಾಮಾನ್ಯವಾಗಿ ಈ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ತಾಗಿ ಕರೆಂಟ್ ಮುಟ್ಟಿಸುವ ಮೂರು ಕಾರ್ಬನ್ ಬ್ರಷ್‌ಗಳಿರುತ್ತವೆ: ಒಂದು ಎರಡೂ ವೇಗಗಳಿಗೆ ಸಾಮಾನ್ಯ, ಅದಕ್ಕೆ ನೇರ ಎದುರಿನದು ನಿಧಾನ ವೇಗಕ್ಕೆ, ತುಸು ಓರೆಯಾಗಿ ಕುಳಿತದ್ದು ಹೆಚ್ಚಿನ ವೇಗಕ್ಕೆ. ಒಂದು ವೇಗ ಮಾತ್ರ ಸತ್ತಿದ್ದರೆ ಆ ವೇಗದ ಬ್ರಷ್, ವೈರು ಅಥವಾ ಸ್ವಿಚ್ಚಿನ ಕಡೆಗೆ ತಿರುಗಬೇಕು. ನಿಧಾನದ್ದೊಂದು ನಡೆದರೆ ಸಾಕು ಎನ್ನುವವರು ಆಷಾಢದ ಮಳೆಯಲ್ಲಿ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದವರಾಗಿರಲಾರರು. ಸ್ವಿಚ್ ಆರಿಸಿದ ಮೇಲೂ ವೈಪರ್ ಗಾಜಿನ ಬುಡಕ್ಕೆ ತಾನಾಗಿ ಬಂದು ನಿಲ್ಲುವುದಕ್ಕೆ ಮೋಟಾರಿನ ಗೇರು ಚಕ್ರದ ಮೇಲಿರುವ ಲೋಹದ ತಟ್ಟೆ ಕಾರಣ: ತೋಳು ತನ್ನ ಜಾಗ ಸೇರುವವರೆಗೆ ಅದು ಕರೆಂಟನ್ನು ಹರಿಯಗೊಟ್ಟು, ಸೇರಿದೊಡನೆ ಕಡಿಯುತ್ತದೆ, ಅದೇ ಕ್ಷಣ ಬ್ರಷ್ ಅರ್ತಿಗೆ ಸೇರಿ ಮೋಟಾರಿಗೆ ಬ್ರೇಕ್ ಹಾಕಿದಂತಾಗುತ್ತದೆ. ವೈಪರ್ ಗಾಜಿನ ನಡುವೆಯೇ ನಿಲ್ಲುತ್ತಿದ್ದರೆ ಈ ತಟ್ಟೆಗೆ ತಾಗುವ ಕಾಂಟ್ಯಾಕ್ಟುಗಳನ್ನು ಮೊದಲು ಶಂಕಿಸಬೇಕು.

ಬಿಚ್ಚುವಾಗ ಎರಡು ಎಚ್ಚರ. ತೋಳು ನಿಂತ ಜಾಗವನ್ನು ಗಾಜಿನ ಮೇಲೆ ಟೇಪಿನಿಂದ ಗುರುತಿಸಿ, ಅದು ಕೈಜಾರಿ ಬಿದ್ದರೆ ಗಾಜು ಸೀಳದಂತೆ ಅಡಿಗೆ ದಪ್ಪ ಬಟ್ಟೆ ಹಾಸಬೇಕು. ಲಿಂಕೇಜಿನ ನಡುವೆ ಕೈಯಿಡುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಬೇಕು. ತುಕ್ಕು ತೆಗೆದು ಗ್ರೀಸ್ ಹಚ್ಚಿದ ಸ್ಪಿಂಡಲ್ ಕೈಯಲ್ಲಿ ಸಲೀಸಾಗಿ ತಿರುಗಿದ ನಂತರವೇ ಸರಳುಗಳನ್ನು ಜೋಡಿಸಿ, ಗಾಜಿಗೆ ನೀರೆರೆದು, ಎರಡೂ ವೇಗಗಳಲ್ಲಿ ಓಡಿಸಿ, ನಡು ಓಟದಲ್ಲಿ ಸ್ವಿಚ್ ಆರಿಸಿ ತೋಳು ಟೇಪಿನ ಗುರುತಿಗೆ ಬಂದು ನಿಲ್ಲುವುದನ್ನು ನೋಡಬೇಕು.