ಘಾಟಿ ರಸ್ತೆಯ ಆ ಮೂರು ಸೆಕೆಂಡು

ಕೊಡಗಿನ ಸಂಪಾಜೆ ಘಾಟಿಯ ಒಂದು ತಿರುವಿನಲ್ಲಿ ಕಾರಿಗೂ ಪಿಕಪ್‌ಗೂ ಡಿಕ್ಕಿಯಾಗಿದೆ ಅಂದುಕೊಳ್ಳಿ. ಮಳೆಗಾಲ, ಸಂಜೆ ಹೊತ್ತು. ಸ್ವಲ್ಪ ಹೊತ್ತಿನಲ್ಲೇ ಜನ ಸೇರುತ್ತಾರೆ. ಪಿಕಪ್ ನಮ್ಮ ಬದಿಗೆ ನುಗ್ಗಿತು ಎಂದು ಕಾರಿನವರು ಹೇಳುತ್ತಾರೆ. ಕಾರೇ ಗೆರೆ ದಾಟಿ ಬಂತು ಎಂದು ಪಿಕಪ್ ಡ್ರೈವರ್ ಹೇಳುತ್ತಾರೆ. ಹಿಂದೆ ಬೈಕಿನಲ್ಲಿದ್ದವರು ಇನ್ನೊಂದು ರೀತಿ ಹೇಳುತ್ತಾರೆ. ಈ ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಎಂಬುದೂ ಸಾಧ್ಯ. ನಡೆದದ್ದೆಲ್ಲ ಎರಡು ಮೂರು ಸೆಕೆಂಡಿನಲ್ಲಿ ಮುಗಿದಿದೆ. ಅಷ್ಟರಲ್ಲಿ ಕಣ್ಣು ಕಂಡದ್ದು ಕಡಿಮೆ, ಆಮೇಲೆ ಮನಸ್ಸು ಸೇರಿಸಿಕೊಂಡದ್ದೇ ಜಾಸ್ತಿ.

ಮನಸ್ಸು ಹೀಗೆ ಸೇರಿಸಿಕೊಳ್ಳುತ್ತದೆ ಎನ್ನುವುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಯೋಗ ಮಾಡಿ ತೋರಿಸಿದರು. 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿಕ್ಕದೊಂದು ಚಿತ್ರ ತೋರಿಸಿದರು. ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ವೇಗ ಎಷ್ಟಿತ್ತು ಎಂದು 50 ಜನರನ್ನು ಕೇಳಿದರು. ಇನ್ನು 50 ಜನರನ್ನು ಇದೇ ಪ್ರಶ್ನೆ ಮೆತ್ತಗಿನ ಮಾತಿನಲ್ಲಿ ಕೇಳಿದರು. ಉಳಿದವರಿಗೆ ವೇಗದ ಪ್ರಶ್ನೆಯೇ ಇರಲಿಲ್ಲ. ಒಂದು ವಾರ ಬಿಟ್ಟು ಎಲ್ಲರನ್ನೂ ಕರೆದು, ಒಡೆದ ಗಾಜು ನೋಡಿದ್ದಿರಾ ಎಂದು ವಿಚಾರಿಸಿದರು. ಮೊದಲ ಗುಂಪಿನಲ್ಲಿ 16 ಜನ ಹೌದು ಎಂದರು. ಎರಡನೆಯದರಲ್ಲಿ 7 ಜನ, ಮೂರನೆಯದರಲ್ಲಿ 6 ಜನ. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ!

ಶಾಂತವಾದ ಕೋಣೆಯಲ್ಲಿ ಕೂತು ಚಿತ್ರ ನೋಡಿದವರ ನೆನಪೇ ಹೀಗಾದರೆ, ಪೆಟ್ಟು ತಿಂದು ಮಳೆಯಲ್ಲಿ ನಿಂತವರ ನೆನಪು ಹೇಗಿರಬೇಡ? ಜನರ ಪ್ರಶ್ನೆ, ಪೊಲೀಸರ ಪ್ರಶ್ನೆ, ಮನೆಯವರ ಸಮಾಧಾನದ ಮಾತು ಎಲ್ಲವೂ ಆ ನೆನಪಿನೊಳಗೆ ಸೇರಿಹೋಗುತ್ತವೆ. ಹಾಗಾಗಿ ಗಾಡಿಯ ಮುಂಗಾಜಿಗೆ ಅಂಟಿಸುವ ಪುಟ್ಟ ವಿಡಿಯೊ ಕ್ಯಾಮೆರಾ, ಅಂದರೆ ಡ್ಯಾಶ್‌ಕ್ಯಾಮ್ ಅನ್ನು ಸುಮ್ನೆ ಶೋಕಿಯ ಸಾಮಾನು ಎಂದು ತಳ್ಳಿಹಾಕುವುದು ಸರಿಯಲ್ಲ. ನಮ್ಮ ತಲೆ ಹಿಡಿದಿಟ್ಟುಕೊಳ್ಳಲಾರದ ಆ ಮೂರು ಸೆಕೆಂಡನ್ನು ಅದು ಹಿಡಿದಿಡುತ್ತದೆ.

ಅದರ ಕೆಲಸದ ರೀತಿ ಸರಳ. ಗಾಡಿ ಸ್ಟಾರ್ಟ್ ಆದ ಕೂಡಲೇ ರೆಕಾರ್ಡಿಂಗ್ ಶುರು. ವಿಡಿಯೊವನ್ನು ಒಂದು ಅಥವಾ ಮೂರು ನಿಮಿಷದ ತುಂಡುಗಳಾಗಿ ಮೆಮೊರಿ ಕಾರ್ಡಿಗೆ ಬರೆಯುತ್ತ ಹೋಗುತ್ತದೆ. ಕಾರ್ಡು ತುಂಬಿದರೆ ಎಲ್ಲಕ್ಕಿಂತ ಹಳೆಯ ತುಂಡನ್ನು ಅಳಿಸಿ ಅಲ್ಲಿ ಹೊಸದನ್ನು ಬರೆಯುತ್ತದೆ. ಸೆಕೆಂಡಿಗೆ 15 ಮೆಗಾಬಿಟ್ ಲೆಕ್ಕದಲ್ಲಿ ಫುಲ್ ಎಚ್‌ಡಿ ವಿಡಿಯೊ ಬರೆದರೆ ಗಂಟೆಗೆ ಹೆಚ್ಚುಕಡಿಮೆ 7 ಜಿಬಿ ಬೇಕು. 64 ಜಿಬಿ ಕಾರ್ಡಿನಲ್ಲಿ ಕೊನೆಯ ಒಂಬತ್ತು ಗಂಟೆ ಉಳಿಯುತ್ತದೆ. ಇಲ್ಲಿ ಒಂದು ಎಚ್ಚರ. ಅಪಘಾತವಾದ ಮೇಲೆ ಕ್ಯಾಮೆರಾವನ್ನು ಹಾಗೇ ಓಡಲು ಬಿಟ್ಟರೆ, ಬೇಕಾದ ತುಂಡೇ ಅಳಿಸಿಹೋಗಬಹುದು. ಮೊದಲು ಕ್ಯಾಮೆರಾ ಆಫ್ ಮಾಡಿ ಕಾರ್ಡನ್ನು ತೆಗೆದಿಟ್ಟುಕೊಳ್ಳಬೇಕು.

ಹಾಗೆ ಅಳಿಸದಂತೆ ತಡೆಯಲು ಒಳಗೊಂದು ಸಂವೇದಕವೂ ಇದೆ. ಜಿ ಸೆನ್ಸರ್ ಅನ್ನುತ್ತಾರೆ. ಕೂದಲೆಳೆಯಷ್ಟು ಸಣ್ಣ ಸಿಲಿಕಾನ್ ಸ್ಪ್ರಿಂಗುಗಳ ಮೇಲೆ ನಿಂತ ಒಂದು ಪುಟ್ಟ ಸಿಲಿಕಾನ್ ತುಂಡು ಅದು. ಬಸ್ಸು ದಿಢೀರನೆ ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮುಂದೆ ವಾಲುವ ಹಾಗೆ, ಗಾಡಿಗೆ ಪೆಟ್ಟು ಬಿದ್ದಾಗ ಈ ತುಂಡೂ ವಾಲುತ್ತದೆ. ಪಕ್ಕದ ಫಲಕಕ್ಕೂ ಅದಕ್ಕೂ ಇರುವ ಅಂತರ ಬದಲಾಗಿ, ಅಲ್ಲಿ ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯವೂ ಬದಲಾಗುತ್ತದೆ. ಅದನ್ನು ಅಳೆದು ಕ್ಯಾಮೆರಾ ಆ ವಿಡಿಯೊ ತುಂಡಿಗೆ ಬೀಗ ಹಾಕುತ್ತದೆ. ಆದರೆ ಮಳೆಗಾಲ ಮುಗಿದ ಮೇಲೆ ನಮ್ಮ ಕೊಡಗಿನ ತೋಟದ ರಸ್ತೆಗಳು ಹೇಗಿರುತ್ತವೆ ಗೊತ್ತಲ್ಲ? ಪ್ರತಿ ಗುಂಡಿಯೂ ಅದಕ್ಕೆ ಅಪಘಾತದಂತೆ ಕಾಣುತ್ತದೆ. ಬೀಗ ಬಿದ್ದ ತುಂಡುಗಳೇ ಕಾರ್ಡು ತುಂಬಿ, ಕೆಲವು ಕ್ಯಾಮೆರಾಗಳಲ್ಲಿ ರೆಕಾರ್ಡಿಂಗೇ ನಿಂತುಬಿಡುತ್ತದೆ. ಸೆಟ್ಟಿಂಗಿನಲ್ಲಿ ಸೆನ್ಸರಿನ ಸೂಕ್ಷ್ಮತೆಯನ್ನು ಕಡಿಮೆಗೆ ಇಡುವುದು ವಾಸಿ.

ಕೊಡಗಿನ ಬೆಳಕು ಮಾತ್ರ ಯಾವ ಕ್ಯಾಮೆರಾಕ್ಕೂ ಸುಲಭದ್ದಲ್ಲ. ಸುಂಟಿಕೊಪ್ಪದಿಂದ ಮಡಿಕೇರಿ ಕಡೆಗೆ ಬಿಸಿಲಿನಲ್ಲಿ ಬನ್ನಿ. ಸಿಲ್ವರ್ ಓಕ್ ಸಾಲಿನ ಕೆಳಗೆ ಒಂದು ಕ್ಷಣ ಕತ್ತಲು, ಮರುಕ್ಷಣ ಕಣ್ಣು ಕೋರೈಸುವ ಬಿಸಿಲು. ಒಂದೇ ಚೌಕಟ್ಟಿನಲ್ಲಿ ಎರಡೂ ಇರುತ್ತವೆ. ಸಾದಾ ಕ್ಯಾಮೆರಾ ನೆರಳಿಗೆ ಹೊಂದಿಕೊಂಡರೆ ಬಿಸಿಲಿನ ಭಾಗ ಬರೀ ಬಿಳಿ. ಬಿಸಿಲಿಗೆ ಹೊಂದಿಕೊಂಡರೆ ನೆರಳಿನಲ್ಲಿ ನಡೆದು ಹೋಗುವವರು ಕಾಣುವುದೇ ಇಲ್ಲ. ಎಚ್‌ಡಿಆರ್ ಇರುವ ಕ್ಯಾಮೆರಾ ಪ್ರತಿ ಚಿತ್ರವನ್ನೂ ಒಮ್ಮೆ ಕಡಿಮೆ ಹೊತ್ತು, ಒಮ್ಮೆ ಜಾಸ್ತಿ ಹೊತ್ತು ಬೆಳಕು ಬಿಟ್ಟು ತೆಗೆದು, ಎರಡರಿಂದಲೂ ಚೆನ್ನಾಗಿರುವುದನ್ನು ಆರಿಸಿ ಸೇರಿಸುತ್ತದೆ. ನಮ್ಮ ಊರಿಗೆ ಕೊಳ್ಳುವವರು 4ಕೆ ಎಂಬ ದೊಡ್ಡ ಅಕ್ಷರಕ್ಕಿಂತ ಮೊದಲು ಇದನ್ನು ವಿಚಾರಿಸಬೇಕು ಎಂಬುದು ನನ್ನ ಅಭಿಪ್ರಾಯ.

ರಾತ್ರಿಯ ತೊಂದರೆ ಬೇರೆ. ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಜಾಸ್ತಿ ಹೊತ್ತು ಬೆಳಕು ಕುಡಿಯಬೇಕು. ಸೆಕೆಂಡಿನ 30ನೇ ಒಂದು ಭಾಗ ಅಂದುಕೊಳ್ಳೋಣ. ನಾವು 40 ಕಿಲೋಮೀಟರ್ ವೇಗದಲ್ಲಿದ್ದೇವೆ, ಎದುರಿನ ಗಾಡಿಯೂ ಅಷ್ಟೇ. ಇಬ್ಬರ ವೇಗ ಸೇರಿ ಸೆಕೆಂಡಿಗೆ 22 ಮೀಟರ್. ನಮ್ಮ ಪಕ್ಕ ಹಾದುಹೋಗುವಾಗ ಆ ಒಂದು ಚಿತ್ರ ಮುಗಿಯುವಷ್ಟರಲ್ಲಿ ಅದು 74 ಸೆಂಟಿಮೀಟರ್ ಸರಿದಿರುತ್ತದೆ. ನಂಬರ್ ಪ್ಲೇಟಿನ ಉದ್ದವೇ ಅರ್ಧ ಮೀಟರ್! ಅಕ್ಷರಗಳು ಕಲಸಿಹೋಗದೆ ಇನ್ನೇನಾದೀತು? ಅದೇ ಹಗಲಿನಲ್ಲಿ ಸೆಕೆಂಡಿನ 1000ನೇ ಒಂದು ಭಾಗ ಸಾಕು, ಗಾಡಿ ಸರಿಯುವುದು ಎರಡು ಸೆಂಟಿಮೀಟರ್ ಚಿಲ್ಲರೆ. ಇದು ಕಂಪನಿಯ ತಪ್ಪಲ್ಲ, ಬೆಳಕಿನ ಲೆಕ್ಕ. ಇದಕ್ಕೊಂದು ಒಳ್ಳೆಯ ಉಪಾಯವಿದೆ. ಯಾವುದಾದರೂ ಗಾಡಿ ಗುದ್ದಿ ಓಡಿದರೆ, ಕಣ್ಣಿಗೆ ಕಂಡ ನಂಬರನ್ನು ಆಗಲೇ ಗಟ್ಟಿಯಾಗಿ ಹೇಳಿಬಿಡಿ. ಕ್ಯಾಮೆರಾದ ಮೈಕ್ ಅದನ್ನು ಸಮಯದ ಸಮೇತ ದಾಖಲಿಸುತ್ತದೆ.

ಇನ್ನು ಮಂಜು. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು. ಎಲ್ಲ ಬಣ್ಣಗಳನ್ನೂ ಒಂದೇ ರೀತಿ ಚೆದುರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದು, ಹೈ ಬೀಮ್ ಹಾಕಿದರೆ ಎದುರು ಬಿಳಿ ಗೋಡೆ ಎದ್ದಂತಾಗುವುದು ಇದರಿಂದಲೇ. ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೂ ಕಾಣದು. ನೈಟ್ ವಿಷನ್ ಎಂದು ಮಾರುವ ಇನ್ಫ್ರಾರೆಡ್ ದೀಪದಿಂದಲೂ ಪ್ರಯೋಜನವಿಲ್ಲ, ಅದರ ಅಲೆಗೂ ಈ ಹನಿ ದೊಡ್ಡದೇ. ಕ್ಯಾಮೆರಾವನ್ನು ವೈಪರ್ ಓಡಾಡುವ ಜಾಗದೊಳಗೆ, ಕನ್ನಡಿಯ ಹಿಂದೆ, ಡ್ರೈವರ್‌ನ ನೋಟಕ್ಕೆ ಅಡ್ಡ ಬಾರದಂತೆ ಕೂರಿಸಿ. ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಿಮಗೆ ಸಿಗುವುದು ನೀರಿನ ಹನಿಗಳ ವಿಡಿಯೊ.

ಡ್ಯಾಶ್‌ಕ್ಯಾಮಿನ ಅಗಲವಾಗಿ ನೋಡುವ ಲೆನ್ಸಿನಲ್ಲಿ ದೂರದ ವಸ್ತು ಇನ್ನೂ ದೂರ ಕಾಣುತ್ತದೆ. 'ಲಾರಿ ಅಷ್ಟು ದೂರ ಇತ್ತಲ್ಲ, ಯಾಕೆ ನಿಲ್ಲಿಸಲಿಲ್ಲ' ಎಂದು ವಿಡಿಯೊ ನೋಡಿದವರು ಕೇಳುವುದು ಈ ಭ್ರಮೆಯಿಂದ. ಅಂದಾಜು ಬಿಟ್ಟು ದೂರ, ವೇಗ ಅಳೆಯಬೇಕು. ಅಳೆಯುವುದು ಕಷ್ಟವೂ ಅಲ್ಲ. ರಸ್ತೆ ಬದಿಯ ಎರಡು ಕಂಬಗಳ ನಡುವೆ ಟೇಪ್ ಹಿಡಿದರೆ 20 ಮೀಟರ್ ಬಂತು ಅನ್ನಿ. ಸೆಕೆಂಡಿಗೆ 30 ಚಿತ್ರದ ವಿಡಿಯೊದಲ್ಲಿ ಗಾಡಿ ಅಷ್ಟು ದೂರ ದಾಟಲು 36 ಚಿತ್ರ ತೆಗೆದುಕೊಂಡರೆ, ಅದು 1.2 ಸೆಕೆಂಡು. ಅಂದರೆ ವೇಗ ಗಂಟೆಗೆ 60 ಕಿಲೋಮೀಟರ್. ಜಿಪಿಎಸ್ ತೋರಿಸುವ ವೇಗ ದಟ್ಟ ಮರ, ಕಡಿದಾದ ಬೆಟ್ಟದ ಮಗ್ಗುಲಲ್ಲಿ ಸ್ವಲ್ಪ ತಪ್ಪಬಹುದು. ಕಂಬಗಳ ಲೆಕ್ಕಕ್ಕೆ ಆ ತೊಂದರೆ ಇಲ್ಲ.

ಇಷ್ಟೆಲ್ಲ ಯಾಕೆ ಬೇಕು? ಗುದ್ದಿ ಓಡಿದ ಗಾಡಿಯ ಗುರುತು ಸಿಗುವುದಕ್ಕೂ ಸಿಗದೇ ಇರುವುದಕ್ಕೂ ಇರುವ ವ್ಯತ್ಯಾಸ ನೋಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಸಾವು ಗುದ್ದಿ ಓಡಿದ ಪ್ರಕರಣಗಳದ್ದು. ಗಾಡಿ ಪತ್ತೆಯಾಗದಿದ್ದರೆ ಸತ್ತವರ ಮನೆಯವರಿಗೆ ಸರ್ಕಾರದ ಯೋಜನೆಯಿಂದ 2 ಲಕ್ಷ ರೂಪಾಯಿ, ತೀವ್ರ ಗಾಯವಾದವರಿಗೆ 50 ಸಾವಿರ. 2022ರ ಏಪ್ರಿಲ್‌ಗೆ ಮೊದಲು ಅದೂ 25 ಸಾವಿರ ಮತ್ತು 12,500 ಅಷ್ಟೇ ಇತ್ತು. ಗಾಡಿ ಪತ್ತೆಯಾದರೆ ಮಾತೇ ಬೇರೆ. ನ್ಯಾಯಮಂಡಳಿ ಸತ್ತವರ ವಯಸ್ಸು, ದುಡಿಮೆ, ಅವರನ್ನು ನಂಬಿಕೊಂಡವರು ಎಷ್ಟು ಜನ ಎಂದು ಲೆಕ್ಕ ಹಾಕಿ ಪರಿಹಾರ ನಿಗದಿ ಮಾಡುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಕೆಲಸ ಮುಗಿಸಿ ಲೈನ್‌ಮನೆಗೆ ರಸ್ತೆ ಬದಿಯಲ್ಲೇ ನಡೆದು ಹೋಗುವವರನ್ನು ನೆನೆಸಿಕೊಳ್ಳಿ. ಅವರ ಮನೆಯವರ ಬದುಕು ಹಿಂದೆ ಬರುತ್ತಿದ್ದ ಯಾರದೋ ಕಾರಿನ ಕ್ಯಾಮೆರಾದ ಮೇಲೆ ನಿಂತಿರಬಹುದು. ನಿಮ್ಮ ಕ್ಯಾಮೆರಾದಲ್ಲಿ ಅಂಥದ್ದು ಸಿಕ್ಕಿದ್ದರೆ ದಯವಿಟ್ಟು ಠಾಣೆಗೆ ಕೊಡಿ. ಗಾಯಾಳುಗಳಿಗೆ ನೆರವಾದವರನ್ನು ಕಾಪಾಡಲು ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿಯಿಂದ 134ಎ ಕಲಮು ಬಂದಿದೆ.

ಆದರೆ ವಿಡಿಯೊ ಇದ್ದ ಮಾತ್ರಕ್ಕೆ ಕೋರ್ಟು ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಇಡೀ ಫೈಲನ್ನು ಒಂದು ಗಣಿತ ಸೂತ್ರದ ಮೂಲಕ ಹಾಯಿಸಿದಾಗ ಬರುವ ನಿಗದಿತ ಉದ್ದದ ಸಂಕೇತ. ವಿಡಿಯೊದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಸಂಕೇತ ಪೂರ್ತಿ ಬೇರೆಯಾಗುತ್ತದೆ. ವಾಟ್ಸಾಪ್‌ನಲ್ಲಿ ವಿಡಿಯೊವಾಗಿ ಕಳಿಸಿದರೆ ಅದು ಕುಗ್ಗಿ, ಬೇರೆಯೇ ಫೈಲಾಗುತ್ತದೆ. ಆದ್ದರಿಂದ ಮೂಲ ಕಾರ್ಡನ್ನು ಜೋಪಾನವಾಗಿ ಇಡಿ. ಕ್ಯಾಮೆರಾದ ದಿನಾಂಕ, ಸಮಯ ಸರಿಯಿದೆಯೇ ಎಂದು ಆಗಾಗ ನೋಡಿ.

ಕ್ಯಾಮೆರಾ ಯಜಮಾನನ ಪರ ಮಾತ್ರ ಸಾಕ್ಷಿ ಹೇಳುವುದಿಲ್ಲ ಎನ್ನುವುದನ್ನೂ ತಿಳಿದಿರಬೇಕು. ಮಾಕುಟ್ಟ ರಸ್ತೆಯಂಥ ಕಡೆ ಎರಡು ಗಾಡಿ ಹಿಡಿಸದ ಜಾಗದಲ್ಲಿ, ಇಳಿದು ಬರುವವರು ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು ಎಂದು 2017ರ ಚಾಲನಾ ನಿಯಮಗಳಲ್ಲಿದೆ. ಇಳಿಯುವಾಗ ನುಗ್ಗಿದ್ದರೆ ನಿಮ್ಮ ಕ್ಯಾಮೆರಾವೇ ಅದನ್ನು ತೋರಿಸುತ್ತದೆ. ನನಗೆ ಇದು ಅದರ ದೊಡ್ಡ ಗುಣ ಅನ್ನಿಸುತ್ತದೆ.

ಯಾಕೆಂದರೆ ಡ್ಯಾಶ್‌ಕ್ಯಾಮಿನ ನಿಜವಾದ ಪ್ರಯೋಜನ ಅಪಘಾತವಾದ ಮೇಲಿನದ್ದಲ್ಲ, ಸ್ವಲ್ಪದರಲ್ಲಿ ತಪ್ಪಿಹೋದ ಅಪಘಾತಗಳದ್ದು. ಅಮೆರಿಕದ ವರ್ಜೀನಿಯಾ ಟೆಕ್‌ನ ಸಂಶೋಧಕರು 100 ಕಾರುಗಳಿಗೆ ಕ್ಯಾಮೆರಾ ಹಾಕಿ ಒಂದು ವರ್ಷ ಅಧ್ಯಯನ ಮಾಡಿದರು. ವರದಿ ಬಂದದ್ದು 2006ರಲ್ಲಿ. ಅವರಿಗೆ ಸಿಕ್ಕ ಡಿಕ್ಕಿಗಳು 82. ಕೂದಲೆಳೆಯಲ್ಲಿ ತಪ್ಪಿದವು 761. ಅಂದರೆ ಒಂದು ಡಿಕ್ಕಿಗೆ ಮೊದಲು ರಸ್ತೆ ನಮಗೆ ಎಷ್ಟೋ ಸಲ ಎಚ್ಚರಿಕೆ ಕೊಟ್ಟಿರುತ್ತದೆ. ಸುಮಾರು ಶೇಕಡ 80ರಷ್ಟು ಡಿಕ್ಕಿಗಳಲ್ಲಿ, ಅದಕ್ಕೆ ಮೊದಲಿನ ಮೂರು ಸೆಕೆಂಡಿನೊಳಗೆ ಡ್ರೈವರ್‌ನ ಗಮನ ಬೇರೆಡೆ ಇತ್ತು. ಇಂಥ ವಿಡಿಯೊ ತೋರಿಸಿ ಡ್ರೈವರ್‌ಗಳ ಜೊತೆ ಕೂತು ಮಾತಾಡಿದರೆ ಏನಾಗುತ್ತದೆ ಎಂದು ಎರಡು ಲಾರಿ ಕಂಪನಿಗಳಲ್ಲಿ ಪರೀಕ್ಷಿಸಿದ್ದಾರೆ. ಅಪಾಯದ ಘಟನೆಗಳು ಒಂದರಲ್ಲಿ ಶೇಕಡ 37, ಇನ್ನೊಂದರಲ್ಲಿ ಶೇಕಡ 52ರಷ್ಟು ಇಳಿದವು. ಕ್ಯಾಮೆರಾ ಒಂದೇ ಇದನ್ನು ಮಾಡಲಿಲ್ಲ. ಕೂತು ನೋಡಿ ಮಾತಾಡಿದ್ದೂ ಅಷ್ಟೇ ಮುಖ್ಯ. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನುಗಳು, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳು, ತೋಟಗಳ ಪಿಕಪ್‌ಗಳಲ್ಲಿ ಈ ಕೆಲಸ ಮೊದಲು ಆಗಬೇಕು. ಬಯ್ಯುವುದಕ್ಕಲ್ಲ, ಕಲಿಯುವುದಕ್ಕೆ.

ಆನೆಗಳ ವಿಷಯದಲ್ಲೂ ಇದು ಉಪಯೋಗಕ್ಕೆ ಬರುತ್ತದೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ರಾತ್ರಿ ಹೊತ್ತು ಕಾಡಾನೆ ರಸ್ತೆ ದಾಟುವುದು ಹೊಸತೇನಲ್ಲ. ಅದರ ಕಪ್ಪು ಮೈ ಹೆಡ್‌ಲೈಟಿನ ಬೆಳಕನ್ನು ಹೆಚ್ಚು ಹಿಂದಿರುಗಿಸುವುದಿಲ್ಲ, ಹತ್ತಿರ ಬಂದ ಮೇಲೆಯೇ ಕಾಣುತ್ತದೆ. ಆಗ ಮೊಬೈಲ್ ತೆಗೆಯಲೇಬೇಡಿ. ಗಾಡಿ ನಿಲ್ಲಿಸಿ, ದೀಪ ತಗ್ಗಿಸಿ, ದೂರ ಉಳಿಯಿರಿ. ಕ್ಯಾಮೆರಾ ತನ್ನ ಪಾಡಿಗೆ ತೆಗೆದುಕೊಳ್ಳುತ್ತಿರುತ್ತದೆ. ಕಿವಿಯ ಅಂಚಿನ ಹರಕು, ದಂತದ ಬಾಗು ನೋಡಿ ಒಂದೊಂದು ಆನೆಯನ್ನೂ ಗುರುತಿಸಬಹುದು. ಜಾಗ ಮತ್ತು ಸಮಯ ಇರುವ ವಿಡಿಯೊ ಅರಣ್ಯ ಇಲಾಖೆಯವರ ಕೈ ಸೇರಿದರೆ, ಯಾವ ಆನೆ ಎಲ್ಲಿ ದಾಟುತ್ತದೆ ಎಂದು ಅವರು ಊರವರನ್ನು ಮೊದಲೇ ಎಚ್ಚರಿಸಬಹುದು.

ಯಾರೋ ಸಾಮಾನ್ಯರ ಗಾಡಿಯ ವಿಡಿಯೊ ಇಷ್ಟಕ್ಕೆಲ್ಲ ಆಗುತ್ತದೆಯೇ ಎಂದು ಅನುಮಾನವೇ? 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಅಗಲದ ಉಲ್ಕೆ ಸಿಡಿಯಿತು. ಅದು ಬರುತ್ತದೆಂದು ಯಾವ ವೀಕ್ಷಣಾಲಯಕ್ಕೂ ಗೊತ್ತಿರಲಿಲ್ಲ. ಕೆಲಸಕ್ಕೆ ಹೊರಟಿದ್ದವರ ಡ್ಯಾಶ್‌ಕ್ಯಾಮ್‌ಗಳು ಅದನ್ನು ಹಿಡಿದವು. ವಿಜ್ಞಾನಿಗಳು ಆ ವಿಡಿಯೊಗಳಲ್ಲಿನ ಕಟ್ಟಡ, ಕಂಬಗಳನ್ನು ಅಳತೆಗೆ ಇಟ್ಟುಕೊಂಡು ಲೆಕ್ಕ ಹಾಕಿ, ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ಬಂದ ಆ ಕಲ್ಲಿನ ದಾರಿಯನ್ನು ಮಂಗಳ, ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳ ಪಟ್ಟಿಯ ತನಕ ಹಿಂಬಾಲಿಸಿದರು.

ನಮ್ಮಲ್ಲಿ ಅಳೆಯಬೇಕಾದ್ದು ಆಕಾಶದಲ್ಲಿಲ್ಲ, ರಸ್ತೆ ಬದಿಯ ಬರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನಲ್ಲಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಮಂಗಳೂರು ರಸ್ತೆಯೇ ಕಡಿದುಹೋಗಿತ್ತು. ಅಂಥ ಜಾಗಗಳಲ್ಲಿ ದಿನಾ ಓಡಾಡುವ ಗಾಡಿಯ ಕ್ಯಾಮೆರಾ ಒಂದೇ ಕೋನದಿಂದ ಒಂದೇ ಬರೆಯನ್ನು ನೋಡುತ್ತಿರುತ್ತದೆ. ಮೇ ತಿಂಗಳ ಒಂದು ತುಂಡು, ಜುಲೈನ ಒಂದು ತುಂಡು ಎತ್ತಿಟ್ಟು ಪಕ್ಕಪಕ್ಕ ನೋಡಿದರೆ, ವಾಲಿದ ಮರ, ಹೊಸದಾಗಿ ಒಸರುವ ಕೆಸರು ನೀರು, ಟಾರಿನ ಮೇಲಿನ ಬಿರುಕು ಗೊತ್ತಾಗುತ್ತದೆ. ಅದನ್ನು ದಾರಿಹೋಕರ ಮುಖ ಕಾಣುವಂತೆ ಗ್ರೂಪುಗಳಲ್ಲಿ ಹರಿಯಬಿಡುವ ಬದಲು, ಜಾಗದ ಹೆಸರು ಮತ್ತು ದಿನಾಂಕ ಬರೆದು ನೇರವಾಗಿ ಗ್ರಾಮ ಪಂಚಾಯಿತಿಗೆ, ರಸ್ತೆ ನೋಡಿಕೊಳ್ಳುವ ಎಂಜಿನಿಯರ್‌ಗೆ ತಲುಪಿಸಿ. ಈ ಮಳೆಗಾಲಕ್ಕೆ ಮೊದಲೇ ನಿಮ್ಮ ಊರಿನ ಅಪಾಯದ ಬರೆಯ ಒಂದು ತುಂಡು ತೆಗೆದಿಟ್ಟುಕೊಳ್ಳಿ, ಹೋಲಿಸಲು ಅದು ಬೇಕಾಗುತ್ತದೆ.