ಪೆಪ್ಪರ್: ಹೆಸರು ಹಿಪ್ಪಲಿಯದು, ದಕ್ಕಿದ್ದು ಮೆಣಸಿಗೆ

ಶಿರಸಿಯ ತೋಟಗಳಲ್ಲಿ ಅಡಿಕೆ ಮರವನ್ನು ತಬ್ಬಿ ಹಬ್ಬುವ ಕಾಳುಮೆಣಸಿಗೆ ಇಂಗ್ಲಿಷಿನಲ್ಲಿ ಪೆಪ್ಪರ್ ಎನ್ನುತ್ತಾರೆ. ಮೂಲದಲ್ಲಿ ಆ ಹೆಸರು ಅದರದ್ದಲ್ಲ, ಅದರ ದಾಯಾದಿಯದು.

ಸಂಸ್ಕೃತದಲ್ಲಿ ‘ಪಿಪ್ಪಲೀ’ ಎಂದರೆ ಕೆಮ್ಮಿನ ಕಷಾಯಕ್ಕೆ ಬೀಳುವ ಉದ್ದನೆಯ ಹಿಪ್ಪಲಿ. ಈ ಪದ ಪಶ್ಚಿಮಕ್ಕೆ ಹೋಗುತ್ತ ಲಕಾರ ಕಳೆದುಕೊಂಡು ರಕಾರ ಪಡೆಯಿತು: ಗ್ರೀಕಿನಲ್ಲಿ ಪೆಪೆರಿ, ಲ್ಯಾಟಿನ್ನಿನಲ್ಲಿ ಪಿಪೆರ್, ಹಳೆಯ ಇಂಗ್ಲಿಷಿನಲ್ಲಿ ಪಿಪೊರ್. ಇತ್ತ ಕನ್ನಡದಲ್ಲಿ ‘ಪಾಲು’ ‘ಹಾಲು’ ಆದಂತೆ ಪಿಪ್ಪಲಿ ಹಿಪ್ಪಲಿಯಾಯಿತು. ಹೀಗಾಗಿ ಹಿಪ್ಪಲಿ, ಪೆಪ್ಪರ್ ಎರಡೂ ಒಂದೇ ಪದ.

ಗ್ರೀಕರು, ರೋಮನ್ನರು ಹಿಪ್ಪಲಿಯನ್ನೂ ಮೆಣಸನ್ನೂ ಒಂದೇ ಹೆಸರಿನಿಂದ ಕರೆದರು. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿಟ್ಟ ಬೆಲೆಯಂತೆ ರೋಮಿನಲ್ಲಿ ಒಂದು ಪೌಂಡು ಹಿಪ್ಪಲಿಗೆ 15 ದಿನಾರಿ (ರೋಮಿನ ಬೆಳ್ಳಿ ನಾಣ್ಯ), ಕರಿಮೆಣಸಿಗೆ ಬರೀ 4. ಮುಂದೆ ಪೇಟೆ ಗೆದ್ದದ್ದು ಅಗ್ಗದ ಸರಕೇ; ಹೆಸರೂ ಅದಕ್ಕೇ ಉಳಿಯಿತು. 408ರಲ್ಲಿ ರೋಮಿಗೆ ಮುತ್ತಿಗೆ ಹಾಕಿದ ಗೋಥ್ ಬುಡಕಟ್ಟಿನ ದೊರೆ ಅಲಾರಿಕ್ ಕೇಳಿದ ಕಪ್ಪದಲ್ಲಿ ಬಂಗಾರದ ಜೊತೆಗೆ 3,000 ಪೌಂಡು ಮೆಣಸೂ ಇತ್ತು.

ಆಮೇಲೆ ಇನ್ನೊಂದು ಎಡವಟ್ಟು. 1492ರಲ್ಲಿ ಮಸಾಲೆಯ ನಾಡು ಹುಡುಕಿ ಹೊರಟ ಕೊಲಂಬಸ್ ಅಮೆರಿಕದಲ್ಲಿ ಖಾರದ ಕಾಯಿಯನ್ನು ಕಂಡ. ಖಾರವಿದ್ದದ್ದೆಲ್ಲ ಪೆಪ್ಪರ್ ಎಂದಾಯಿತು. ದೊಣ್ಣೆಮೆಣಸು ಕೂಡ ಬೆಲ್ ಪೆಪ್ಪರ್! ಸಸ್ಯಶಾಸ್ತ್ರದ ಪ್ರಕಾರ ಆ ಕಾಯಿ ಬದನೆಯ ಕುಟುಂಬಕ್ಕೆ ಸೇರಿದ್ದು. ಕಾಳುಮೆಣಸಿನ ನಿಜವಾದ ನೆಂಟ ವೀಳ್ಯದೆಲೆ.

ನಗುವ ಮೊದಲು ನಮ್ಮ ಅಡುಗೆಮನೆ ನೋಡಿಕೊಳ್ಳಬೇಕು. ಪೋರ್ಚುಗೀಸರ ಹಡಗಿನಲ್ಲಿ ಬಂದ ಅದೇ ಕಾಯಿಗೆ ನಾವೂ ಮೆಣಸಿನಕಾಯಿ ಎಂದೆವು. ಈಗ ಕರಾವಳಿಯಲ್ಲಿ, ಘಟ್ಟದ ಮೇಲೆ ಬರೀ ‘ಮೆಣಸು’ ಎಂದರೆ ಸೂಜಿಮೆಣಸೋ ಒಣಮೆಣಸೋ ನೆನಪಾಗುತ್ತದೆ. ಹೆಸರಿನ ಹಳೆಯ ಒಡೆಯನೇ ಕಾಳು, ಕರಿ ಎಂಬ ವಿಶೇಷಣ ಹೊತ್ತು ತಿರುಗಬೇಕು. ‘ಒಳ್ಳೆಮೆಣಸು’ ಎಂಬ ಹೆಸರೂ ಇದೆ. ಹೊಸಬನ ಬಗ್ಗೆ ಹಿರಿಯರಿಗಿದ್ದ ಅಭಿಪ್ರಾಯ ಅದರಲ್ಲೇ ಇದೆಯೆಂದು ನನ್ನ ಗುಮಾನಿ.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದಾಗ ಬಳಸಿದ ‘ಪಿಮೆಂಟಾ’ ಮಾತ್ರ ಈ ಸಂತತಿಯದಲ್ಲ. ಅದು ಬಣ್ಣವೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ಪೆಪ್ಪರ್‌ಕಾರ್ನ್ ಎಂಬಲ್ಲಿನ ಕಾರ್ನ್ ಮೆಕ್ಕೆಜೋಳವಲ್ಲ, ಕಾಳು. ಇಂಗ್ಲಿಷ್ ಕಾನೂನಿನಲ್ಲಿ ಪೆಪ್ಪರ್‌ಕಾರ್ನ್ ರೆಂಟ್ ಎಂದರೆ ಲೆಕ್ಕಕ್ಕಷ್ಟೇ ಇರುವ ನಾಮಮಾತ್ರದ ಬಾಡಿಗೆ. ಶಿರಸಿಯಲ್ಲಿ ಮೆಣಸು ಮಾರಲು ಬಂದವರೆದುರು ಈ ಮಾತು ಎತ್ತದಿರುವುದು ಲೇಸು.