ಪದ ಪರಿಚಯ: ನಾಟಿ ಕುರಿ

ದಾವಣಗೆರೆ ಸುತ್ತಮುತ್ತ ‘ನಾಟಿ’ ಎಂದರೆ ಭದ್ರಾ ನಾಲೆಗೆ ನೀರು ಬಂದಾಗ ಕೆಸರುಗದ್ದೆಯಲ್ಲಿ ನಡೆಯುವ ಕೆಲಸ. ಅಲ್ಲಿಂದ ಜಗಳೂರಿನ ದಾರಿ ಹಿಡಿದು ಚಳ್ಳಕೆರೆ ಮುಟ್ಟುವಷ್ಟರಲ್ಲಿ ಗದ್ದೆ ಕಣ್ಮರೆಯಾಗುತ್ತದೆ, ಪದ ಮಾತ್ರ ಉಳಿಯುತ್ತದೆ: ನಾಟಿ ಕೋಳಿ, ನಾಟಿ ಔಷಧ, ನಾಟಿ ಕುರಿ. ಮೊದಲಿನ ನಾಟಿ ನೆಡುವುದಕ್ಕೆ ಸೇರಿದ್ದು, ಈ ನಾಟಿ ‘ನಾಡು’ ಎಂಬ ಮಾತಿನ ಬಳಗದ್ದು. ಹರಿಹರ ದಾಟಿ ಬಡಗಣಕ್ಕೆ ಹೋದರೆ ಇದೇ ಅರ್ಥದಲ್ಲಿ ‘ಜವಾರಿ’ ಎನ್ನುತ್ತಾರೆ.

ನಾಟಿ ಎಂಬುದು ತಳಿಯ ಹೆಸರಲ್ಲ. ತಳಿ ಎನ್ನಿಸಿಕೊಳ್ಳಬೇಕಾದರೆ ಮೈಕಟ್ಟು, ಕಿವಿ, ಬಾಲ, ಕೂದಲಿನ ಗುಣ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಇಳಿದು ಬರಬೇಕು. ಅಂಥವನ್ನು ನೋಂದಾಯಿಸುವ ರಾಷ್ಟ್ರೀಯ ಸಂಸ್ಥೆ ಹರಿಯಾಣದ ಕರ್ನಾಲ್‌ನಲ್ಲಿದೆ. ಕರ್ನಾಟಕದ ಮಟ್ಟಿಗೆ ಬಳ್ಳಾರಿ, ದಖ್ಖನಿ, ಹಾಸನ, ಮಂಡ್ಯ, ಕೆಂಗುರಿ ಎಂಬ ಹೆಸರುಗಳು ಕೇಳಿಬರುತ್ತವೆ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ರೊಪ್ಪಗಳಲ್ಲಿ (ಕುರಿ ಕೂಡುವ ಹಟ್ಟಿಗಳಲ್ಲಿ) ಹೆಚ್ಚಾಗಿರುವುದು ಬಳ್ಳಾರಿ ಮತ್ತು ದಖ್ಖನಿ, ಇಲ್ಲವೇ ಇದೂ ಅಲ್ಲದ ಅದೂ ಅಲ್ಲದ ನಡುವಿನವು. ಕಾಯುವವರು ಈ ಹೆಸರುಗಳಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅವರಿಗೆ ಅದು ಕರಿಯದು, ಬಿಳಿಯದು, ಹಂಡದ್ದು, ಇಲ್ಲವೇ ‘ಹೋದ ವರ್ಷ ಬೇಲಿಯ ಹತ್ತಿರ ಈದದ್ದು’.

ಬಳ್ಳಾರಿ ಕುರಿಯ ಬಣ್ಣ ಅಪ್ಪಟ ಬಿಳಿಯಿಂದ ಅಪ್ಪಟ ಕಪ್ಪಿನವರೆಗೆ ಹೇಗೂ ಇರಬಹುದು. ಕಿವಿ ಜೋಲು, ಬಾಲ ಗಿಡ್ಡ. ಟಗರುಗಳಲ್ಲಿ ಕೆಲವಕ್ಕಷ್ಟೇ ಕೊಂಬು, ಹೆಣ್ಣಿಗೆ ಸಾಮಾನ್ಯವಾಗಿ ಇಲ್ಲ. ಬೆಳೆದ ಟಗರು ಸುಮಾರು 35 ಕಿಲೋ, ಹೆಣ್ಣು 27 ಕಿಲೋ ತೂಗುತ್ತದೆ. ತುಪ್ಪಟ ಒರಟು, ಬಿಡಿಬಿಡಿ. ಮೃದು ಉಣ್ಣೆ ಕೇಳುವ ಗಿರಣಿಗೆ ಅದು ಬೇಡ. ಚಳ್ಳಕೆರೆ ಸೀಮೆಯ ಕಂಬಳಿ ಮಗ್ಗಕ್ಕೆ ಅದೇ ಬೇಕು. ಹುಣಸೆಬೀಜದ ಗಂಜಿ ಉಂಡು ಗಟ್ಟಿಯಾದ ಆ ನೂಲಿನ ಕಂಬಳಿಯನ್ನು ಹಾಸಬಹುದು, ಹೊದೆಯಬಹುದು, ಮಳೆಗೆ ಕೊಪ್ಪೆಯನ್ನೂ ಹಾಕಬಹುದು. ಒಂದು ಕಾಲಕ್ಕೆ ಉಣ್ಣೆ ನಯವಾಗಲೆಂದು ರಾಂಬುಲೆ, ಮೆರಿನೋ ಎಂಬ ವಿದೇಶಿ ತಳಿಯ ಟಗರುಗಳನ್ನು ತರಿಸಿ ನಾಟಿ ಕುರಿಗೆ ಕೂಡಿಸಿದರು. ಈಗ ಒರಟು ಉಣ್ಣೆಗೆ ಬೆಲೆಯಿಲ್ಲ, ಕತ್ತರಿಸಿದ ಕೂಲಿಯೂ ಹುಟ್ಟದ ಊರುಗಳಿವೆ. ಕುರಿಯನ್ನು ಸಾಕುವುದೇ ಮಾಂಸಕ್ಕೆ ಎನ್ನುವಂತಾಗಿದೆ.

ಇಲ್ಲಿಗೆ ‘ಇಳುವರಿ’ ಎಂಬ ಪದ ಬಂದು ಕೂರುತ್ತದೆ. ಕುರಿಯ ಇಳುವರಿಯನ್ನು ಅಳೆಯುವುದು ಹೇಗೆ? ತಕ್ಕಡಿಗೆ ಏರಿಸಿದ ಟಗರಿನ ತೂಕ ನೋಡಿ ಎನ್ನುವುದು ಸಾಮಾನ್ಯ ಉತ್ತರ. ಸಣ್ಣ ಹಿಡುವಳಿದಾರನಿಗೆ ಈ ಉತ್ತರ ಸಾಲದು ಎಂಬುದು ನನ್ನ ಅನಿಸಿಕೆ. ಒಂದು ಲೆಕ್ಕ ಹಾಕಿ ನೋಡೋಣ, ಅಂಕಿಗಳು ಉದಾಹರಣೆಗೆ ಮಾತ್ರ. 20 ಹೆಣ್ಣುಕುರಿಗಳಲ್ಲಿ ಈ ವರ್ಷ 16 ಈದವು, ಒಂದೊಂದೇ ಮರಿ. ನಾಲ್ಕು ಮರಿ ಸತ್ತವು. ಉಳಿದ 12 ಮರಿಗಳು ಮಾರುವ ಹೊತ್ತಿಗೆ ತಲಾ 15 ಕಿಲೋ ಆದವು ಎಂದುಕೊಳ್ಳಿ. ಹಿಂಡಿ, ಖನಿಜ ಮಿಶ್ರಣ ತಿನ್ನಿಸಿ ಪ್ರತಿ ಮರಿಯ ತೂಕವನ್ನು 2 ಕಿಲೋ ಏರಿಸಿದರೆ ಸಿಗುವ ಹೆಚ್ಚಳ 24 ಕಿಲೋ. ಸತ್ತ ನಾಲ್ಕರಲ್ಲಿ ಎರಡನ್ನು ಉಳಿಸಿಕೊಂಡಿದ್ದರೆ 30 ಕಿಲೋ. ಮರಿ ಉಳಿಸುವುದಕ್ಕೆ ಬೇಕಾದದ್ದು ಗಬ್ಬದ ಕೊನೆಯ ಆರು ವಾರ ತಾಯಿಗೆ ಒಂದಿಷ್ಟು ಕಾಳು, ಹುಟ್ಟಿದ ಕೂಡಲೇ ಮರಿಗೆ ಗಿಣ್ಣುಹಾಲು, ಮಳೆಗೆ ಮುಂಚೆ ಕರುಳುಬೇನೆಯ ಲಸಿಕೆ.

ಇನ್ನೊಂದು ಅಳತೆ, ಎರಡು ಸೂಲಿನ ನಡುವಿನ ಅಂತರ. ಕುರಿಯ ಗಬ್ಬ ಸುಮಾರು 150 ದಿನ. ವರ್ಷಕ್ಕೊಂದು ಸೂಲಾದರೆ ಐದು ವರ್ಷದಲ್ಲಿ ಐದು ಮರಿ. ಎರಡು ವರ್ಷಕ್ಕೆ ಮೂರು ಸೂಲು ಹಿಡಿಸಿದರೆ ಏಳು. ಅದು ಮೇವಿದ್ದಲ್ಲಿ ಆಗುವ ಮಾತು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ವರ್ಷದ ಮಳೆ 500 ಮಿಲಿಮೀಟರ್ ಆಸುಪಾಸು. ಅಲ್ಲಿನ ಬೇಸಿಗೆಯಲ್ಲಿ ಸೊರಗಿದ ಕುರಿ ಬೆದೆಗೆ ಬರುವುದಿಲ್ಲ, ಬರಲಿಲ್ಲವೆಂದು ಅದನ್ನು ದೂರುವಂತೆಯೂ ಇಲ್ಲ.

ಅವಳಿ ಮರಿಯ ಆಸೆಯೂ ಇದೇ ಮೇವಿನ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಮಹಾರಾಷ್ಟ್ರದ ಫಲ್ಟಣದಲ್ಲಿ ಸುಂದರಬನದ ಗ್ಯಾರೋಲ್ ಕುರಿಯ ಅವಳಿ ಹುಟ್ಟಿಸುವ ವಂಶವಾಹಿಯನ್ನು ದಖ್ಖನಿಗೆ ಸೇರಿಸಿ ‘ನಾರಿ ಸುವರ್ಣ’ ರೂಪಿಸಿದರು. ಒಳ್ಳೆಯ ಕೆಲಸ. ಕಟ್ಟಿ ಮೇಯಿಸುವವರಿಗೆ, ಹಸಿಮೇವು ಬೆಳೆಯುವವರಿಗೆ ಲಾಭ ಉಂಟು. ದಿನವಿಡೀ ಅಡವಿ ಅಲೆದು ಸಂಜೆ ರೊಪ್ಪಕ್ಕೆ ಮರಳುವ ತಾಯಿಯ ಕೆಚ್ಚಲಲ್ಲಿ ಎರಡು ಬಾಯಿಗೆ ಹಾಲೆಲ್ಲಿ? ಅಂಥಲ್ಲಿ ಒಂಟಿ ಮರಿಯನ್ನು ಕೊರತೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ನಾಟಿ ಎಂದರೆ ರೋಗ ತಟ್ಟದ ಕುರಿ ಎಂಬ ನಂಬಿಕೆಯೂ ಇದೆ. ಬಿಸಿಲು, ನಡಿಗೆ, ಒಣಮೇವು ತಡೆಯುವುದು ನಿಜ. ನುಸಿಯಿಂದ ಹರಡುವ ನೀಲಿ ನಾಲಿಗೆ ರೋಗ ಮಾತ್ರ ದಕ್ಷಿಣ ಭಾರತದ ನಾಟಿ ಕುರಿಗಳನ್ನೇ ಜೋರಾಗಿ ಕಾಡುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಾಯಿ ಊದಿ, ಕಾಲು ಕುಂಟಿ ಹಿಂಡಿಗೆ ಹಿಂಡೇ ಮಲಗಿದ ವರ್ಷಗಳಿವೆ.

ಇನ್ನು ಟಗರಿನ ಆಯ್ಕೆ. ಬಕ್ರೀದ್, ಹೊಸತೊಡಕು, ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆ, ಇವೆಲ್ಲ ಬಂದಾಗ ಸಂತೆಗೆ ಮೊದಲು ಹೊರಡುವುದು ಬೇಗ ಬೆಳೆದ, ಮೈ ತುಂಬಿದ ಮರಿ. ದುಡ್ಡಿನ ಅವಸರ ಹಾಗೆ ಮಾಡಿಸುತ್ತದೆ, ತಪ್ಪೆನ್ನುವುದು ಹೇಗೆ? ಹಿಂದೆ ಉಳಿದ ಸಣಕಲು ಗಂಡೇ ಬೀಜದ ಟಗರಾಗುತ್ತದೆ, ತನ್ನ ಮಗಳನ್ನೂ ಹಾರುತ್ತದೆ. ನಾಲ್ಕು ತಲೆಮಾರು ಹೀಗೆ ಕಳೆದ ಮೇಲೆ ‘ನಾಟಿ ಕುರಿ ಬೆಳೆಯುವುದೇ ಇಲ್ಲ’ ಎಂಬ ಮಾತು ಹುಟ್ಟುತ್ತದೆ. ಒಳ್ಳೆಯ ಮರಿಯೊಂದನ್ನು ಮಾರದೆ ಇಟ್ಟುಕೊಳ್ಳುವವರು, ಎರಡು ವರ್ಷಕ್ಕೊಮ್ಮೆ ಬೇರೆ ಹಿಂಡಿನವರೊಂದಿಗೆ ಟಗರು ಬದಲಿಸಿಕೊಳ್ಳುವವರು ಈಗಲೂ ಇದ್ದಾರೆ. ಅವರ ರೊಪ್ಪದ ಮರಿಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ತಕ್ಕಡಿಗೆ ಸಿಗದ ಇಳುವರಿಯೊಂದಿದೆ, ಗೊಬ್ಬರ. ಭತ್ತ ಕೊಯ್ದ ಮೇಲೆ ಬಯಲುಸೀಮೆಯ ಮಂದೆಗಳು ಮಲೇಬೆನ್ನೂರು, ಹರಿಹರದ ಗದ್ದೆಗಳತ್ತ ನಡೆಯುತ್ತವೆ. ಹೊಲದಲ್ಲಿ ರಾತ್ರಿ ಕುರಿ ತರುಬಿಸಿಕೊಂಡ ರೈತ ದುಡ್ಡನ್ನೋ ಕಾಳನ್ನೋ ಕೊಡುತ್ತಾನೆ. ಹಿಕ್ಕೆ, ಗಂಜಲ ಮಣ್ಣಿಗೆ ಸೇರುತ್ತವೆ. ಹಗಲು ಕೂಳೆ ಮೇದು, ರಾತ್ರಿ ಬಲೆಯೊಳಗೆ ಮಲಗಿ, ಮತ್ತೆ ಬೆಳಿಗ್ಗೆ ಮುಂದಿನ ಊರಿಗೆ ನಡೆಯಬೇಕು. ನಡುದಾರಿಯಲ್ಲಿ ಈದರೆ ಮರಿ ಕುರಿಗಾಹಿಯ ಜೋಳಿಗೆಗೆ, ತಾಯಿ ಅವನ ಬೆನ್ನಿಗೆ.